ನಿಮ್ಮ ಮಾತು ಯಾವ ದಾರಿ ಹಿಡಿಯಿತು?

ಮೈಸೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿರುವ ಗೆಳೆಯ ತೋರಿಸಿದ ಒಂದು ಪುಟ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಕ್ರೋಮ್ ಬ್ರೌಸರಿನಲ್ಲೇ ಅಡಗಿರುವ ಆ ಪುಟದ ಹೆಸರು ವೆಬ್‌ಆರ್‌ಟಿಸಿ ಇಂಟರ್ನಲ್ಸ್. ನಡೆಯುತ್ತಿರುವ ಕರೆ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದನ್ನು ಅದು ಸಾಲುಸಾಲಾಗಿ ಬಿಚ್ಚಿಡುತ್ತದೆ.

ಜಿಟ್ಸಿ ಮೀಟ್‌ನಲ್ಲಿ ಗೆಳೆಯ ಪಕ್ಕದ ಕೋಣೆಯ ಮಗಳಿಗೆ ವಿಡಿಯೊ ಕರೆ ಮಾಡಿದ. ಪುಟದಲ್ಲಿ 'ಹೋಸ್ಟ್' ಎಂದು ಬಂತು. ಮಾತು ಮನೆಯ ವೈ-ಫೈ ಬಿಟ್ಟು ಹೊರಗೇ ಹೋಗಿರಲಿಲ್ಲ. ಧಾರವಾಡದ ತಂಗಿಗೆ ಮಾಡಿದಾಗ 'ಸರ್ವರ್ ರಿಫ್ಲೆಕ್ಸಿವ್'. ಎರಡೂ ಮನೆಯ ರೂಟರ್ ದಾಟಿ ನೇರ ಸಂಪರ್ಕ. ಬೆಂಗಳೂರಿನ ಕಚೇರಿಯೊಂದರಲ್ಲಿದ್ದ ಸ್ನೇಹಿತನಿಗೆ ಮಾಡಿದಾಗ ಮಾತ್ರ 'ರಿಲೇ'. ಇಬ್ಬರ ನಡುವೆ ಮೂರನೆಯದೊಂದು ಸರ್ವರ್ ನಿಂತು ಪ್ರತಿ ಮಾತನ್ನೂ ದಾಟಿಸುತ್ತಿತ್ತು. ನಮ್ಮ ಕಿವಿಗೆ ಮೂರೂ ಒಂದೇ!

ಕರೆ ಬಂದಿದೆ ಎಂದು ತಿಳಿಸಲು ಸರ್ವರ್ ಹೇಗೂ ಬೇಕು. ಪ್ರಶ್ನೆ ಇರುವುದು ಆಮೇಲಿನ ಮಾತಿನದು. ಹಳೆಯ ಐಪಿ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಹಾಗಾಗಿ ಮನೆಮಂದಿಯ ಸಾಧನಗಳೆಲ್ಲ ಒಂದೇ ವಿಳಾಸದ ಹಿಂದೆ ಕೂತಿರುತ್ತವೆ. ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ವಿಳಾಸದಡಿ ಕೂರಿಸುವುದೂ ಉಂಟು. ಇದೇ ನ್ಯಾಟ್. ಅದು ವಠಾರದ ಕಾವಲುಗಾರನಂತೆ: ಒಳಗಿನವರು ತಾವಾಗಿ ಮಾತಾಡಿಸಿದವರನ್ನು ಮಾತ್ರ ಬಿಡುತ್ತದೆ. ಆದ್ದರಿಂದ ಎರಡೂ ಫೋನುಗಳು ಸ್ಟನ್ ಸರ್ವರಿನಿಂದ ತಮ್ಮ ಹೊರವಿಳಾಸ ತಿಳಿದುಕೊಂಡು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪರಸ್ಪರ ಪ್ಯಾಕೆಟ್ ಕಳಿಸುತ್ತವೆ. ಎರಡೂ ಬಾಗಿಲು ತೆರೆದುಕೊಳ್ಳುತ್ತವೆ. ಬ್ರಯಾನ್ ಫೋರ್ಡ್ ಮತ್ತು ಸಂಗಡಿಗರು 2005ರಲ್ಲಿ ಪರೀಕ್ಷಿಸಿದ ನ್ಯಾಟ್‌ಗಳಲ್ಲಿ ಸುಮಾರು 82% ಈ ಉಪಾಯಕ್ಕೆ ಒಪ್ಪಿದ್ದವು. ಪ್ರತಿ ಸಂಪರ್ಕಕ್ಕೂ ಬೇರೆ ಪೋರ್ಟ್ ಕೊಡುವ ನ್ಯಾಟ್ ಎರಡೂ ಕಡೆ ಇದ್ದರೆ, ಇಲ್ಲವೇ ಕಚೇರಿಯ ಫೈರ್‌ವಾಲ್ ಇಂಥ ಕರೆಗಳು ಬಳಸುವ ಯುಡಿಪಿ ಪ್ಯಾಕೆಟ್‌ಗಳನ್ನೇ ತಡೆದರೆ, ಟರ್ನ್ ಎಂಬ ರಿಲೇ ಸರ್ವರೇ ಗತಿ.

ನನ್ನನ್ನು ಹೆಚ್ಚು ಸೆಳೆದದ್ದು ಸ್ಕೈಪ್‌ನ ಹಳೆಯ ಕಥೆ. 2003ರಲ್ಲಿ ಬಂದ ಸ್ಕೈಪ್ ಈ ರಿಲೇ ಕೆಲಸವನ್ನು ಬಳಕೆದಾರರ ಕಂಪ್ಯೂಟರುಗಳಿಗೇ ಒಪ್ಪಿಸಿತು. ಹಾಡು ಹಂಚಿಕೊಳ್ಳುವ ಕಜಾ ಕಟ್ಟಿದ್ದವರದೇ ಕೈಚಳಕವಿದು. ನಿಮ್ಮ ಯಂತ್ರಕ್ಕೆ ಸಾರ್ವಜನಿಕ ವಿಳಾಸವೂ ಒಳ್ಳೆಯ ಸಂಪರ್ಕವೂ ಇದ್ದರೆ ಅದು 'ಸೂಪರ್‌ನೋಡ್' ಆಗಬಹುದಿತ್ತು. ಯಾರೋ ಅಪರಿಚಿತರ ಮಾತು, ಗೂಢಲಿಪಿಯಲ್ಲಿ, ನಿಮ್ಮ ಮೇಜಿನ ಮೇಲಿಂದ ಹಾದುಹೋಗುತ್ತಿತ್ತು. ಒಪ್ಪಂದದಲ್ಲಿ ಅದಕ್ಕೆ ಅನುಮತಿಯನ್ನೂ ಪಡೆದಿದ್ದರು. ಎಷ್ಟು ಜನ ಓದಿದ್ದರೋ! ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2004ರಲ್ಲೇ ಇದರ ಒಳರಚನೆಯನ್ನು ಹೊರಗಿನಿಂದಲೇ ಅಳೆದು ತೋರಿಸಿದ್ದರು. 2010ರ ಡಿಸೆಂಬರ್ 22ರಂದು ವಿಂಡೋಸ್ ಆವೃತ್ತಿಯೊಂದರ ದೋಷದಿಂದ ಸೂಪರ್‌ನೋಡ್‌ಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಬಿದ್ದವು. ಉಳಿದವು ಭಾರ ತಾಳಲಿಲ್ಲ. ಆಮೇಲೆ ಸ್ಕೈಪನ್ನು ಕೊಂಡ ಮೈಕ್ರೋಸಾಫ್ಟ್ 2012ರಲ್ಲಿ ಸೂಪರ್‌ನೋಡ್‌ಗಳನ್ನು ತನ್ನದೇ ಸರ್ವರುಗಳಿಗೆ ಒಯ್ದಿತು. 2025ರ ಮೇಯಲ್ಲಿ ಸ್ಕೈಪ್ ಮುಚ್ಚಿತು. ಅಪರಿಚಿತರು ಒಬ್ಬರ ಮಾತನ್ನೊಬ್ಬರು ಹೊತ್ತ ಆ ಏರ್ಪಾಡು ನನಗೆ ಇಂದಿಗೂ ಇಷ್ಟ. ಆದರೆ ಯಾರೂ ಓದದ ಒಪ್ಪಂದದಲ್ಲಿ ಅಡಗಿಸಿ, ನೇರವಾಗಿ ಕೇಳದೆಯೇ ಹೊರಿಸಿದ್ದು ತಪ್ಪು.

ಹಾಗೆಂದು ರಿಲೇಯನ್ನು ದೂರುವಂತಿಲ್ಲ. ಹತ್ತು ಜನರ ಗುಂಪುಕರೆ ನೇರವಾಗಿ ನಡೆದರೆ ಪ್ರತಿ ಫೋನೂ ತನ್ನ ವಿಡಿಯೊವನ್ನು ಒಂಬತ್ತು ಸಲ ಕಳಿಸಬೇಕು. ಸರ್ವರ್ ಇದ್ದರೆ ಒಂದೇ ಸಲ ಸಾಕು. ಇನ್ನು, ನೇರ ಕರೆಯಲ್ಲಿ ನಿಮ್ಮ ಐಪಿ ವಿಳಾಸ ಆ ಕಡೆಯವರಿಗೆ ಕಾಣುತ್ತದೆ, ಅದರಿಂದ ನಿಮ್ಮ ಊರನ್ನು ಅಂದಾಜು ಮಾಡಬಹುದು. ಗುರುತು ಬಿಟ್ಟುಕೊಡಲು ಅಂಜುವವರಿಗೆ ಸುತ್ತುದಾರಿಯೇ ಕ್ಷೇಮ. ಸಿಗ್ನಲ್‌ನಲ್ಲಿ ಸದಾ ರಿಲೇ ಬಳಸುವ ಆಯ್ಕೆಯಿದೆ. ವಾಟ್ಸ್‌ಆ್ಯಪ್ 2023ರಲ್ಲಿ ಅಂಥದನ್ನೇ ತಂದಿತು. ಮನೆಯವರೊಡನೆ ಮಾತಾಡಲು ನಾನು ನೇರ ದಾರಿಯನ್ನೇ ಆರಿಸುತ್ತೇನೆ. ಸುತ್ತು ತಪ್ಪಿದಷ್ಟೂ ಮಾತಿನ ತಡ ಕಡಿಮೆ.

ಆದರೆ ಆರಿಸಲು ಮೊದಲು ತಿಳಿಯಬೇಕಲ್ಲ. ಆ ಆಯ್ಕೆಗಳು ಸೆಟ್ಟಿಂಗ್ಸ್‌ನ ಮೂಲೆಯಲ್ಲಿವೆ, ಕರೆ ನಡೆಯುವ ಹೊತ್ತಿಗೆ ಪರದೆ ಏನೂ ಹೇಳುವುದಿಲ್ಲ. ಎಂಜಿನಿಯರನೊಬ್ಬ ಅಡಗಿದ ಪುಟದಲ್ಲಿ ನೋಡಬಲ್ಲ ಒಂದೇ ಒಂದು ಪದ, 'ನೇರ' ಅಥವಾ 'ರಿಲೇ', ಪ್ರತಿ ಕರೆಯ ಪರದೆಯ ಮೇಲೂ ಎಲ್ಲರಿಗೂ ಕಾಣಲಿ.