ಧ್ವನಿವರ್ಧಕವೂ 15 ದಿನಗಳ ವಿನಾಯಿತಿಯೂ

ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಉಪಯೋಗಿಸಕೂಡದೆಂದು ಭಾರತ ಸರಕಾರವು 2000ನೆಯ ಇಸವಿಯಲ್ಲಿ ನಿಯಮ ಮಾಡಿತು. ಈ ನಿಯಮವನ್ನು ಅರಿಯದ ಅಧಿಕಾರಿಗಳಿಲ್ಲ. ಅದು ಮುರಿಯುವುದನ್ನು ಕಿವಿಯಾರೆ ಕೇಳದ ನಾಗರಿಕರೂ ಇಲ್ಲ.

ವಸತಿಯ ಪ್ರದೇಶದಲ್ಲಿ ಶಬ್ದವು ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು. ಡೆಸಿಬೆಲ್ಲಿನ ಲೆಕ್ಕವು ಸೇರು ಪಾವುಗಳ ಲೆಕ್ಕದಂತಲ್ಲ. 10 ಹೆಚ್ಚಿದರೆ ಶಬ್ದದ ಶಕ್ತಿಯು 10 ಮಡಿಯಾಗುವುದು; 20 ಹೆಚ್ಚಿದರೆ 100 ಮಡಿ. ಆದುದರಿಂದ ಹಬ್ಬದ ದಿನ ಸ್ವಲ್ಪ ಹೆಚ್ಚಾದರೇನೆಂದು ಕೇಳುವ ಉತ್ಸವ ಸಮಿತಿಯವರ ಆ ಸ್ವಲ್ಪವು ನೆರೆಮನೆಯ ರೋಗಿಯ ಪಾಲಿಗೆ ಸ್ವಲ್ಪವಲ್ಲ.

ನಿಯಮವು ಹಬ್ಬಗಳನ್ನು ಮರೆತಿದೆಯೆಂದು ಯಾರೂ ದೂರುವಂತಿಲ್ಲ. ಧಾರ್ಮಿಕ ಅಥವಾ ಸಾಂಸ್ಕೃತಿಕ ಉತ್ಸವಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನಗಳಿಗೆ ಮೀರದಂತೆ, ರಾತ್ರಿ 10ರಿಂದ 12ರವರೆಗೆ ರಾಜ್ಯ ಸರಕಾರವು ಅಪ್ಪಣೆ ಕೊಡಬಹುದೆಂದು 2002ರಲ್ಲಿ ತಿದ್ದುಪಡಿಯಾಯಿತು. ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಇದನ್ನು ಎತ್ತಿಹಿಡಿಯಿತು; ಮಾತನಾಡುವ ಹಕ್ಕಿನ ಹೆಸರಿನಲ್ಲಿ ಯಂತ್ರದಿಂದ ಪರರ ಕಿವಿಯನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲವೆಂದೂ ಆ ವರ್ಷವೇ ತೀರ್ಮಾನಿಸಿತ್ತು. ಈ 15 ದಿನಗಳು ಯಾವುವೆಂಬುದನ್ನು ಮುಂಚಿತವಾಗಿಯೇ ಗೊತ್ತುಮಾಡಬೇಕೆಂದು 2010ರ ತಿದ್ದುಪಡಿಯು ವಿಧಿಸಿತು. ರಾಜಕೀಯ ಪಕ್ಷಗಳ ಸಭೆಗಳಾಗಲಿ ಮದುವೆಯ ಮೆರವಣಿಗೆಗಳಾಗಲಿ ಈ ವಿನಾಯಿತಿಯ ಮಾತಿನಲ್ಲಿ ಬರುವುದಿಲ್ಲ. (ಮಂತ್ರಿಗಳ ಭಾಷಣವನ್ನು ಸಾಂಸ್ಕೃತಿಕ ಉತ್ಸವವೆಂದು ಎಣಿಸುವವರು ಇದ್ದರೆ ಅವರೊಡನೆ ನಮಗೆ ವಾದವಿಲ್ಲ.)

ಆದರೆ ಈ ಚೌಕಟ್ಟಿಗೆ ಹೊಂದದ ಸಂಗತಿಯೊಂದು ನಮ್ಮ ಕರಾವಳಿಯಲ್ಲಿಯೇ ಇದೆ. ಯಕ್ಷಗಾನ ಬಯಲಾಟವು ಬೆಳಗಿನವರೆಗೆ ನಡೆಯತಕ್ಕ ಕಲೆ. ಮೇಳಗಳ ತಿರುಗಾಟವು ತಿಂಗಳುಗಟ್ಟಲೆ. 15 ದಿನಗಳ ಎರಡೆರಡು ಗಂಟೆಗಳಲ್ಲಿ ಅದು ಅಡಗುವುದೆಂತು? 2022ರಲ್ಲಿ ಆಜ್ಞೆಗಳು ಬಿಗಿಯಾದ ಬಳಿಕ ಕಟೀಲಿನ ಮೇಳಗಳೂ ಕಾಲಮಿತಿಗೆ ಒಳಗಾಗಬೇಕಾಯಿತು. ಧ್ವನಿವರ್ಧಕವು ಹುಟ್ಟುವ ಮೊದಲೇ ಈ ಆಟ ನಡೆಯುತ್ತಿದ್ದಿತು. ಭಾಗವತರ ಕಂಠವೂ ಚೆಂಡೆಯೂ ಬಯಲಿಗೆ ಸಾಕಾಗುತ್ತಿದ್ದುವು. ಹಾಗಿದ್ದರೆ ಯಂತ್ರವನ್ನು ಮಾತ್ರ ನಿಲ್ಲಿಸಿದರಾಗದೇ ಎಂದರೆ, 2010ರ ತಿದ್ದುಪಡಿಯು ವಾದ್ಯಗಳನ್ನೂ ಅದೇ ನಿಷೇಧದೊಳಕ್ಕೆ ಸೇರಿಸಿಬಿಟ್ಟಿದೆ. ಚೆಂಡೆಗೂ ಆಳೆತ್ತರದ ಪೆಟ್ಟಿಗೆಗಳಿಂದ ಮೊರೆಯುವ ಸಿನಿಮಾ ಹಾಡಿಗೂ ಒಂದೇ ತೂಕವೆಂಬುದು ನಮಗೆ ಒಪ್ಪಿಗೆಯಾಗುವುದಿಲ್ಲ. ಈ ಭೇದವನ್ನು ನಿಯಮದಲ್ಲಿಯೇ ತರುವಂತೆ ರಾಜ್ಯ ಸರಕಾರವು ಕೇಂದ್ರವನ್ನು ಒತ್ತಾಯಪಡಿಸತಕ್ಕದ್ದು.

ಅದಕ್ಕೆ ಕಾಲ ಹಿಡಿಯಬಹುದು. ಮೊದಲೇ ದಿನಗಳನ್ನು ಸಾರುವುದಕ್ಕೆ ಮಾತ್ರ ಯಾವ ಹೊಸ ಕಾನೂನೂ ಬೇಡ. ವರ್ಷಾರಂಭದಲ್ಲಿಯೇ ಆ 15 ದಿನಗಳ ಪಟ್ಟಿಯನ್ನು ಪ್ರತಿಯೊಂದು ಪೋಲೀಸು ಠಾಣೆಯ ಬಾಗಿಲಲ್ಲಿ ಅಂಟಿಸಲಿ. ಪರೀಕ್ಷೆಗೆ ಓದುವ ಹುಡುಗನ ತಂದೆಯೂ ಪೆಂಡಾಲು ಹಾಕುವ ಸಮಿತಿಯೂ ಅದನ್ನು ಒಟ್ಟಿಗೆ ನಿಂತು ಓದಿಕೊಳ್ಳಲಿ.