ಮೆಣಸಿನ ಸಾಲಲ್ಲಿ ಜೇಕು: ಕಿತ್ತರೂ ಯಾಕೆ ಬರುತ್ತೆ?

ಹೋದ ವಾರ ತಾನೇ ಕಳೆ ತೆಗೆಸಿದ್ರಿ.
ಇವತ್ತು ಮೆಣಸಿನ ಸಾಲಲ್ಲಿ ಮತ್ತೆ ಜೇಕು!
ಎಲ್ಲಿಂದ ಬಂತು?

ಒಂದು ಬುಡ ಅಗೆದು ನೋಡಿ.
ಎಲೆ ಕೆಳಗೆ ಬಿಳಿ ಎಳೆ,
ಎಳೆ ತುದಿಗೆ ಕಪ್ಪು ಗಡ್ಡೆ.
ಅಲ್ಲಿಂದ ಇನ್ನೊಂದು ಎಳೆ, ಇನ್ನೊಂದು ಗಡ್ಡೆ.

ಇದು ಜೇಕಿನ ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ.
ಮೇಲೆ ಎಲೆ ಕಿತ್ರೆ ಹೋಗೋದು ಬರೀ ಬಡ್ಡಿ.
ಅಸಲು ಮಣ್ಣೊಳಗೆ ಭದ್ರ.

ಹಾಗಾದ್ರೆ ಏನು ಮಾಡೋದು?
ಬೇಸಿಗೆಯಲ್ಲೇ ಆಳವಾಗಿ ಉಳುಮೆ ಮಾಡಿ.
ಗಡ್ಡೆ ಮೇಲೆ ಬರಲಿ, ಬಿಸಿಲಿಗೆ ಒಣಗಲಿ.
ಸಿಕ್ಕಷ್ಟು ಆರಿಸಿ, ಹೊಲದಿಂದ ಆಚೆ ಹಾಕಿ.

ನಾಟಿ ಆದ ಮೇಲೆ ಮೊದಲ ಎರಡು ತಿಂಗಳು ಹುಷಾರು.
ಮೆಣಸಿನ ಗಿಡ ಆಗ ನಿಧಾನ, ನೆಲಕ್ಕೆ ನೆರಳು ಕೊಡಲ್ಲ.
ಜೇಕಿಗೆ ಆಗದೇ ಇರೋದು ನೆರಳೇ!

ಬ್ಯಾಡಗಿ ಮೆಣಸಿನ ಎರೆ ಹೊಲದಲ್ಲಿ
ಎಡೆಕುಂಟೆಗೆ ಹದ ನೋಡಬೇಕು.
ಹಸಿ ಇದ್ದಾಗ ಹೊಡೆದ್ರೆ
ಮಣ್ಣು ಕುಂಟೆಗೇ ಮೆತ್ತಿಕೊಳ್ಳುತ್ತೆ,
ಕಿತ್ತ ಕಳೆ ಮತ್ತೆ ಬೇರು ಬಿಡುತ್ತೆ.
ಗಿಡದ ಬುಡದಲ್ಲಿ ಮಾತ್ರ ಆಳ ಬೇಡ,
ಮೆಣಸಿನ ಬೇರು ಮೇಲೇ ಇರುತ್ತೆ.

ಡ್ರಿಪ್ ಇದ್ದವರು ಪ್ಲಾಸ್ಟಿಕ್ ಮಲ್ಚಿಂಗ್ ಹಾಕ್ತೀರಿ.
ಬೇರೆ ಕಳೆಗೆ ಒಳ್ಳೇದೇ.
ಜೇಕು ಮಾತ್ರ ಚೂಪು ಮೊಳಕೆಯಿಂದ
ಹಾಳೆಯನ್ನೇ ತೂತು ಮಾಡಿ ಬರುತ್ತೆ.
ಹಟಕ್ಕೆ ಮೆಚ್ಚಬೇಕು ಬಿಡಿ!

ಪೆಂಡಿಮೆಥಾಲಿನ್ ಹೊಡೆದಿದೀನಲ್ಲ ಅಂತೀರಾ?
ಅದು ಬೀಜದಿಂದ ಮೊಳೆಯೋ ಕಳೆಗೆ.
ಗಡ್ಡೆಯಿಂದ ಬರೋ ಜೇಕು ಅದಕ್ಕೆ ಜಗ್ಗಲ್ಲ.

ಅದಕ್ಕೇ, ಕಳೆನಾಶಕ ಕೊಳ್ಳೋಕೆ ಮೊದಲು
ಒಂದು ಕಳೆ ಗಡ್ಡೆ ಸಮೇತ ಕಿತ್ತು
ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.