ಗೀಚುಗೆರೆಗೆ ತನ್ನದೇ ಛಾಪು

ಕೈಯಲ್ಲಿ ಪೆನ್ನಿದ್ದು ಮುಂದೆ ಖಾಲಿ ಜಾಗ ಕಂಡಾಗ, ಮನಸ್ಸು ಬೇರೆಲ್ಲೋ ಇರುವಂತೆಯೇ ಮೂಡುವ ಸುರುಳಿ, ಬಳ್ಳಿ, ಕಣ್ಣು, ಮುಖಗಳೇ ಡೂಡಲ್, ಅಂದರೆ ಗೀಚುಚಿತ್ರ. ಪಾಠ ಕೇಳುತ್ತ ನೋಟ್‌ಬುಕ್ಕಿನ ಅಂಚಿನಲ್ಲಿ, ಫೋನಿನಲ್ಲಿ ಮಾತಾಡುತ್ತ ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಇದನ್ನು ಮಾಡದವರು ಕಡಿಮೆ. ಹೀಗೆ ತಾನಾಗಿ ಬರುವ ಗೆರೆಗಳನ್ನು ಬೇಕೆಂದೇ ಬೆಳೆಸಿ, ಇಡೀ ಹಾಳೆಗೆ ಒಂದು ಹೊಂದಿಕೆ ತಂದಾಗ ಅದು ಡೂಡಲ್ ಕಲೆಯಾಗುತ್ತದೆ. ಕೆಳಗೆ ಹೆಸರಿಲ್ಲದಿದ್ದರೂ ಚಿತ್ರ ಯಾರದೆಂದು ಗುರುತು ಸಿಗುವಂತಿದ್ದರೆ, ಆ ಕಲೆಗಾರರಿಗೆ ಶೈಲಿಯೊಂದು ದಕ್ಕಿದೆ ಎಂದರ್ಥ.

ಶೈಲಿ ನಾಲ್ಕು ಸಂಗತಿಗಳಲ್ಲಿ ಕಾಣುತ್ತದೆ. ಮೊದಲನೆಯದು ಗೆರೆ: ದಪ್ಪವೋ ತೆಳುವೋ, ತಡೆದು ತಡೆದು ಬಂದದ್ದೋ ಒಂದೇ ಓಟದಲ್ಲಿ ಹರಿದದ್ದೋ. ಎರಡನೆಯದು ಮತ್ತೆ ಮತ್ತೆ ಬರುವ ಆಕಾರಗಳು. ಮೂರನೆಯದು ತುಂಬುವ ಬಗೆ: ಚುಕ್ಕಿ, ಅಡ್ಡಗೆರೆ ಅಥವಾ ಪೂರ್ತಿ ಕಪ್ಪು. ನಾಲ್ಕನೆಯದು ಬಿಟ್ಟ ಜಾಗ. ಇಬ್ಬರು ಒಂದೇ ಎಲೆಯನ್ನು ಬರೆದರೂ ಈ ನಾಲ್ಕರಲ್ಲಿ ಅವರ ಆಯ್ಕೆಗಳು ಬೇರೆಯಾಗುತ್ತವೆ. ಆ ಆಯ್ಕೆಗಳು ನೂರು ಸಲ ಮರಳಿ ಬಂದಾಗ ಅಕ್ಷರದ ಹಾಗೆ ಕೈಗೆ ಕೂರುತ್ತವೆ.

ಗೆರೆ ಹೇಗೆ ಮಾತಾಡಬಲ್ಲದು ಎಂಬುದಕ್ಕೆ ರಾಯಚೂರು ಜಿಲ್ಲೆಯಲ್ಲೇ ಬಹು ಹಳೆಯ ಪಾಠವಿದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1952ರಲ್ಲಿ ಉತ್ಖನನ ನಡೆಸಿದರು. ಅದರ ವರದಿ 1960ರಲ್ಲಿ ಪ್ರಕಟವಾಯಿತು. ಅಲ್ಲಿನ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ದನಗಳ ಚಿತ್ರಗಳಿವೆ. ಹಳೆಯವು ನವಶಿಲಾಯುಗದ ದನಗಾಹಿಗಳ ಕಾಲದವು. ಅವು ಬೇಸರ ಕಳೆಯಲು ಗೀಚಿದವೆಂದು ಹೇಳಲಾಗದು. ಆದರೆ ಉದ್ದ ಕೊಂಬು, ಎದ್ದು ನಿಂತ ಡುಬ್ಬ, ಇಷ್ಟರಲ್ಲೇ ಎತ್ತು ಎತ್ತಾಗಿದೆ. ಏನನ್ನು ಎತ್ತಿ ತೋರಬೇಕು, ಏನನ್ನು ಕೈಬಿಡಬೇಕು ಎಂಬ ನಿರ್ಧಾರವೇ ಶೈಲಿಯ ಬೀಜ.

ಇದೇ ಜಿಲ್ಲೆಯ ಗೊರೇಬಾಳದ ಸುತ್ತಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಗೀಚುವ ಕೈಗೆ ಬೇಕಾದ ಆಕಾರಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಬದುವಿನ ಬಾಗು, ನಾಟಿಯ ಸಾಲು. ಬೇಸಿಗೆಯ ಎರೆಹೊಲದಲ್ಲಿ ಬಿರುಕಿನ ಜಾಲ. ಗುಡ್ಡಗಳಲ್ಲಿ ಒಂದರ ಮೇಲೊಂದು ಕೂತ ಗುಂಡುಗಳು. ಮನೆಯೊಳಗೆ ಹಳೆಯ ಸೀರೆ ತುಂಡುಗಳ ಕೌದಿ, ಅದರ ಮೇಲೆ ಒತ್ತೊತ್ತಾಗಿ ಸಾಗುವ ದಾರದ ಸಾಲು. ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆದ ರಂಗೋಲಿ. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಮಾದರಿಗಳು ಲೋಕದ ಎಲ್ಲರ ಹಾಳೆಯನ್ನೂ ಒಂದೇ ಥರ ಮಾಡುತ್ತವೆ. ಕಣ್ಣಾರೆ ಕಂಡ ಆಕಾರಗಳನ್ನು ಕೂಡಿಟ್ಟುಕೊಂಡವರ ಹಾಳೆ ಮಾತ್ರ ಬೇರೆಯಾಗಿ ನಿಲ್ಲುತ್ತದೆ.

ಅಭ್ಯಾಸಕ್ಕೆ ಮೊದಲು ಒಂದೇ ಪೆನ್ನು, ಒಂದೇ ಪುಸ್ತಕ ಸಾಕು. ಸಾಮಗ್ರಿ ದಿನವೂ ಬದಲಾದರೆ ಕೈಯ ಸ್ವಭಾವ ಗೊತ್ತಾಗುವುದಿಲ್ಲ. ನಂತರ ಒಂದೇ ವಸ್ತುವನ್ನು ಹಿಡಿದು ಬರೆಯಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತನ್ನೇ ಐವತ್ತು ಸಲ ಬರೆದರೆ, ಮೊದಲ ಹತ್ತು ನೋಡಿದ ಚಿತ್ರಗಳ ನಕಲಾಗಿರುತ್ತವೆ. ಮುಂದಿನವುಗಳಲ್ಲಿ ಕೈ ತನಗೆ ಹಿತವಾದ ದಾರಿ ಹುಡುಕಿಕೊಳ್ಳುತ್ತದೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಮನ ಸೆಳೆದ ಕಾಗೆಯನ್ನು ದಶಕಗಳ ಕಾಲ ಬರೆದರು. ಒಂದೇ ಹಕ್ಕಿ ಅವರಿಗೆ ಎಂದೂ ಹಳತಾಗಲಿಲ್ಲ.

ಮಿತಿಯೂ ಶೈಲಿಯನ್ನು ರೂಪಿಸುತ್ತದೆ. ಅಮೆರಿಕದ ಕಲಾವಿದ ಕೀತ್ ಹೇರಿಂಗ್ 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ನೆಲದಡಿಯ ರೈಲುನಿಲ್ದಾಣಗಳಲ್ಲಿ ಖಾಲಿ ಜಾಹೀರಾತು ಫಲಕಗಳ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಪೊಲೀಸರು ಬರುವ ಮೊದಲೇ ಮುಗಿಸಬೇಕು. ಅಳಿಸಿ ತಿದ್ದಲು ಬಿಡುವಿಲ್ಲ. ಆ ಅವಸರಕ್ಕೆ ಒಗ್ಗಿದ್ದೇ ಅವರ ತಡೆಯಿಲ್ಲದ, ಸರಳವಾದ ಹೊರಗೆರೆ. ಹೊಸಬರೂ ಇಂಥ ಕಟ್ಟುಪಾಡು ಹಾಕಿಕೊಳ್ಳಬಹುದು: ಪೆನ್ನು ಎತ್ತದೆ ಬರೆಯುವುದು, ಬರೀ ಚುಕ್ಕಿಗಳಲ್ಲಿ ಬರೆಯುವುದು, ಐದೇ ನಿಮಿಷದಲ್ಲಿ ಮುಗಿಸುವುದು.

ತಪ್ಪಿದ ಗೆರೆಯನ್ನು ಅಳಿಸದೆ ಬಳಸಿಕೊಳ್ಳುವುದು ಡೂಡಲ್ ಕಲೆಯ ವಿಶೇಷ. ರವೀಂದ್ರನಾಥ ಟ್ಯಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿ, ವಿಚಿತ್ರ ಪ್ರಾಣಿಗಳ ರೂಪ ಕೊಡುತ್ತಿದ್ದರು. ಆ ಕಾಟುಗೆರೆಗಳಿಂದ ಬೆಳೆದ ಚಿತ್ರಕಾರನ ಕೃತಿಗಳು 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಕಂಡವು.

ಹಿರಿಯರನ್ನು ನೋಡಿ ಕಲಿಯುವುದರಲ್ಲಿ ತಪ್ಪಿಲ್ಲ. ಆಕಾರವನ್ನು ಎತ್ತಿಕೊಳ್ಳುವ ಬದಲು ಅವರು ಹೇಗೆ ನೋಡಿದರು ಎಂಬುದನ್ನು ಕಲಿಯಬೇಕು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಕಲಿತರು. ನರ್ತಿಸುವ ದೇಹವನ್ನು ಕೆಲವೇ ಬಳುಕುಗೆರೆಗಳಲ್ಲಿ ಹಿಡಿಯುವ ಅವರ ರೇಖಾಚಿತ್ರಗಳಲ್ಲಿ ಆ ಲಯ ಕಾಣುತ್ತದೆ.

ತಿಂಗಳಿಗೊಮ್ಮೆ ಹಳೆಯ ಹಾಳೆಗಳನ್ನೆಲ್ಲ ನೆಲಕ್ಕೆ ಹರವಿ ನೋಡುವುದು ಒಳ್ಳೆಯದು. ಯಾವ ಗೆರೆ, ಯಾವ ತಿರುವು ಕರೆಯದೆಯೂ ಮರಳಿ ಬಂದಿದೆಯೋ ಅದನ್ನು ಉಳಿಸಿಕೊಂಡು, ಮೆಚ್ಚುಗೆಗಾಗಿ ಸೇರಿಸಿದ್ದನ್ನು ಬಿಡಬೇಕು. ಹೀಗೆ ಬೆಳೆದ ಶೈಲಿ ಹೊಸ ವಸ್ತು ಎದುರಾದಾಗ ಪರೀಕ್ಷೆಗೆ ಒಳಗಾಗುತ್ತದೆ. ಎತ್ತು ಬರೆದು ಪಳಗಿದ ಗೆರೆ ಟ್ರ್ಯಾಕ್ಟರನ್ನೂ ಬಸ್‌ ನಿಲ್ದಾಣವನ್ನೂ ತನ್ನದೇ ರೀತಿಯಲ್ಲಿ ಬರೆಯಬಲ್ಲದಾದರೆ, ಶೈಲಿ ಗಟ್ಟಿಯಾಗಿದೆ.